ಮಣ್ಣಿಗೆ ತವರದ ಬಿಳುಪು: ಫ್ರಾನ್ಸಿನ ಮೂಸ್ತಿಯೇ ಊರು ಮತ್ತು ಅದರ ತಟ್ಟೆಗಳು

ಜೂನ್ ನಡುವಿನಿಂದ ಜುಲೈ ನಡುವಿನ ತನಕ ದಕ್ಷಿಣ ಫ್ರಾನ್ಸಿನ ವಲಾಂಸೋಲ್ ಬಯಲು ಪೂರ್ತಿ ನೇರಳೆಯಾಗುತ್ತದೆ. ಲ್ಯಾವೆಂಡರ್ ಹೂವಿನ ಕಾಲ ಅದು. ಬೆಂಗಳೂರು, ಮೈಸೂರಿನಿಂದ ಯುರೋಪ್ ಪ್ರವಾಸ ಹೋಗುವವರು ಈಗೀಗ ಪ್ಯಾರಿಸ್ ಮುಗಿಸಿಕೊಂಡು ಈ ಹೊಲಗಳನ್ನು ನೋಡಲೆಂದೇ ದಕ್ಷಿಣಕ್ಕೆ ಇಳಿಯುತ್ತಿದ್ದಾರೆ. ನಮ್ಮ ಅತ್ತಿಗೆಯೂ ಹೋಗಿಬಂದರು. ನಮಗೆಲ್ಲ ಲ್ಯಾವೆಂಡರ್ ಸೋಪು ಬಂತು, ಅಮ್ಮನಿಗೆ ಮಾತ್ರ ಬಟ್ಟೆಯಲ್ಲಿ ಸುತ್ತಿದ ಒಂದು ತಟ್ಟೆ.

ಹಾಲಿನ ಬಿಳುಪಿನ ತಟ್ಟೆ. ಅಂಚಿನ ಸುತ್ತ ನೀಲಿ ಗೆರೆಯ ಕುಸುರಿ, ನಡುವೆ ಒಂದು ಹಕ್ಕಿ. ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದಳು. ಸದ್ದು ಠಣ್ ಎನ್ನಲಿಲ್ಲ, ಸ್ವಲ್ಪ ಮಂದವಾಗಿ ಬಂತು. "ಇದು ಪಿಂಗಾಣಿ ಅಲ್ಲ ಕಣೇ, ಒಳಗೆ ಮಣ್ಣಿದೆ," ಅಂದಳು. ಆಮೇಲೆ ಅತ್ತಿಗೆಯನ್ನು ಕೇಳಿದಳು: "ಇದರಲ್ಲಿ ಊಟ ಮಾಡೋದೋ, ಗೋಡೆಗೆ ಹಾಕೋದೋ?"

ಅಮ್ಮನ ಕಿವಿ ತಪ್ಪಿರಲಿಲ್ಲ. ಅದು ಮೂಸ್ತಿಯೇ ಸಾಂತ್ ಮಾರಿ ಎಂಬ ಊರಿನ ಫಾಯಾನ್ಸ್ ತಟ್ಟೆ. ಫಾಯಾನ್ಸ್ ಅಂದರೇನು, ಏಳು ನೂರು ಜನರ ಊರೊಂದಕ್ಕೆ ಇದರಿಂದ ಇಷ್ಟು ಹೆಸರು ಬಂದದ್ದು ಹೇಗೆ, ಒಂದು ತಟ್ಟೆಗೆ ಅಷ್ಟು ಬೆಲೆ ಯಾಕೆ ಎಂದು ಅತ್ತಿಗೆಯನ್ನು ಕೇಳಿದವರು ಹಲವರು. ಆ ಪ್ರಶ್ನೆಗಳಿಗೆ ಬುಡದಿಂದ ಉತ್ತರ ಹೇಳುವ ಪ್ರಯತ್ನ ಇದು.

## ಊರು ಇರುವುದು ಎಲ್ಲಿ?

ಪ್ರೊವಾಂಸ್ ಪ್ರಾಂತ್ಯದಲ್ಲಿ, ಆಲ್ಪ್ಸ್ ಬೆಟ್ಟಗಳ ಸಾಲು ಇಳಿದು ಬಯಲಾಗುವ ಕಡೆ, ವರ್ದೋಂ ಎಂಬ ನದಿ ಸುಣ್ಣಕಲ್ಲಿನ ಬೆಟ್ಟವನ್ನು ಕೊರೆದು ಆಳವಾದ ಕಣಿವೆ ಮಾಡಿಕೊಂಡಿದೆ. ಆ ಕಣಿವೆಯ ಬಾಯಿಯ ಹತ್ತಿರ, ಎರಡು ಕಡಿದಾದ ಬಂಡೆಗಳ ಬುಡಕ್ಕೆ ಒರಗಿಕೊಂಡಂತೆ ಮೂಸ್ತಿಯೇ ಇದೆ. ಲ್ಯಾವೆಂಡರ್ ಹೊಲಗಳಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಊರಿನ ನಡುವೆ ಬೆಟ್ಟದ ತೊರೆ ಧುಮ್ಮಿಕ್ಕುತ್ತದೆ. ತೊರೆಯ ಎರಡೂ ಬದಿಗೆ ಮನೆಗಳು, ಮನೆಗಳ ನಡುವೆ ಕಲ್ಲಿನ ಸಣ್ಣ ಸೇತುವೆಗಳು.

'ಮೂಸ್ತಿಯೇ' ಎಂಬ ಹೆಸರಿನ ಮೂಲ 'ಮಠ' ಎಂಬರ್ಥದ ಲ್ಯಾಟಿನ್ ಪದ. ಐದನೇ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಬಂದು ಇಲ್ಲಿನ ಬಂಡೆಯ ಗವಿಗಳಲ್ಲಿ ನೆಲೆಸಿದರೆಂದೂ ಊರು ಬೆಳೆದದ್ದು ಅವರ ಸುತ್ತಲೆಂದೂ ಪ್ರತೀತಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು 'ಮಠದೂರು'. ಊರ ಮೇಲಿನ ಬಂಡೆಯ ಸಂದಿಯಲ್ಲಿ ನೋತ್ರ್ ದಾಮ್ ದ ಬೋವ್ವಾರ್ ಎಂಬ ಮಾತೆ ಮೇರಿಯ ಗುಡಿಯಿದೆ. 262 ಮೆಟ್ಟಿಲು ಹತ್ತಬೇಕು.

ಗುಡಿಗಿಂತ ಮೊದಲು ಕಣ್ಣಿಗೆ ಬೀಳುವುದು ನಕ್ಷತ್ರ. ಎರಡು ಬಂಡೆಗಳ ತುದಿಗೆ ಕಬ್ಬಿಣದ ಸರಪಳಿ ಬಿಗಿದು, ಅದರ ನಡುವೆ ಚಿನ್ನದ ಬಣ್ಣದ ನಕ್ಷತ್ರವೊಂದನ್ನು ಇಳಿಬಿಟ್ಟಿದ್ದಾರೆ. ಬ್ಲಾಕಾಸ್ ಮನೆತನದ ಸರದಾರನೊಬ್ಬ ಕ್ರುಸೇಡ್ ಎಂಬ ಧರ್ಮಯುದ್ಧದಲ್ಲಿ ಸೆರೆಸಿಕ್ಕಿದನಂತೆ. ಬದುಕಿ ಊರಿಗೆ ಮರಳಿದರೆ ಮೇರಿಯಮ್ಮನಿಗೆ ನಕ್ಷತ್ರ ಕಟ್ಟಿಸುತ್ತೇನೆಂದು ಹರಕೆ ಹೊತ್ತನಂತೆ. ಇದು ಊರವರು ಹೇಳುವ ಕಥೆ. ಸರಪಳಿ ಹಲವು ಬಾರಿ ಕಡಿದುಬಿದ್ದಿದೆ, ಪ್ರತಿಬಾರಿಯೂ ಊರವರು ಮತ್ತೆ ಕಟ್ಟಿದ್ದಾರೆ. ಹರಕೆ ಯಾರದ್ದಾದರೂ ಆಗಿರಲಿ, ತೀರಿಸುತ್ತಿರುವುದು ಈಗ ಇಡೀ ಊರು.

ಆಗಸ್ಟ್ 31ರಿಂದ ಸೆಪ್ಟೆಂಬರ್ 8ರ ತನಕ ಇಲ್ಲಿ 'ಲಾ ದಿಯಾನ್' ಹಬ್ಬ. ಬೆಳಕು ಹರಿಯುವ ಮುಂಚೆಯೇ ಕೊಳಲು, ತಮಟೆ ಬಾರಿಸುತ್ತಾ ಊರನ್ನು ಎಬ್ಬಿಸುತ್ತಾರೆ. ಧನುರ್ಮಾಸದ ಚಳಿಯಲ್ಲಿ ಭಜನೆಯವರ ತಾಳದ ಸದ್ದಿಗೆ ಎಚ್ಚರವಾದ ನೆನಪಿದ್ದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಕೊನೆಯ ದಿನ, ಸೆಪ್ಟೆಂಬರ್ 8, ಮೇರಿಯ ಹುಟ್ಟುಹಬ್ಬ.

## ಮಡಕೆ, ಭರಣಿ, ಪಿಂಗಾಣಿ: ಫಾಯಾನ್ಸ್ ಇವುಗಳಲ್ಲಿ ಯಾವುದು?

ಕನ್ನಡದಲ್ಲಿ ಹೊಳೆಯುವ ಮಣ್ಣಿನ ಪಾತ್ರೆಗಳನ್ನೆಲ್ಲ 'ಪಿಂಗಾಣಿ' ಎಂದುಬಿಡುತ್ತೇವೆ. ಗೊಂದಲ ಶುರುವಾಗುವುದು ಅಲ್ಲಿಂದ. ಅಡುಗೆಮನೆಯಲ್ಲೇ ಇರುವ ಮೂರು ವಸ್ತುಗಳನ್ನು ಇಟ್ಟುಕೊಂಡು ನೋಡೋಣ.

ಮೊದಲನೆಯದು ನೀರಿನ ಮಡಕೆ. ಸಾಮಾನ್ಯ ಜೇಡಿಮಣ್ಣು, ಅಷ್ಟೇನೂ ಜೋರಲ್ಲದ ಬೆಂಕಿ. ಸುಟ್ಟ ಮೇಲೂ ಮೈತುಂಬ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳಿಂದ ನೀರು ಜಿನುಗಿ ಆರುವುದರಿಂದಲೇ ಮಡಕೆಯ ನೀರು ತಣ್ಣಗಿರುತ್ತದೆ. ಮಂಗಳೂರು ಹೆಂಚೂ ಇದೇ ಜಾತಿ.

ಎರಡನೆಯದು ಉಪ್ಪಿನಕಾಯಿ ಭರಣಿ. ಇದರ ಮಣ್ಣು ಬೇರೆ, ಬೆಂಕಿ ಹೆಚ್ಚು: 1,200 ಡಿಗ್ರಿ ಸೆಲ್ಸಿಯಸ್ ಮತ್ತು ಅದರ ಮೇಲೆ. ಆ ಕಾವಿಗೆ ಮಣ್ಣಿನ ಕಣಗಳು ಅರೆ ಕರಗಿ ಒಂದಕ್ಕೊಂದು ಬೆಸೆಯುತ್ತವೆ. ರಂಧ್ರ ಮುಚ್ಚುತ್ತದೆ. ವರ್ಷಗಟ್ಟಲೆ ಉಪ್ಪು, ಹುಳಿ, ಎಣ್ಣೆ ತುಂಬಿಟ್ಟರೂ ಹೊರಗೆ ಒಸರುವುದಿಲ್ಲ.

ಮೂರನೆಯದು ನಿಜವಾದ ಪಿಂಗಾಣಿ. ಕೆಯೋಲಿನ್ ಎಂಬ ಬಿಳಿಮಣ್ಣು, 1,300 ಡಿಗ್ರಿ ದಾಟಿದ ಬೆಂಕಿ. ಮೈಯೊಳಗಿನಿಂದಲೇ ಬಿಳಿ. ತೆಳ್ಳಗಿನ ಬಟ್ಟಲಾದರೆ ಬೆಳಕಿಗೆ ಹಿಡಿದಾಗ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ತಟ್ಟಿದರೆ ಗಂಟೆಯ ನಾದ.

ಫಾಯಾನ್ಸ್ ಮೂರನೆಯದರ ಹಾಗೆ ಕಾಣುತ್ತದೆ, ಮೈ ಮಾತ್ರ ಮೊದಲನೆಯದರದು. ಒಳಗೆ ಮಡಕೆಯ ಥರದ್ದೇ ರಂಧ್ರವುಳ್ಳ ಮಣ್ಣು, ಮೇಲೆ ದಪ್ಪನೆಯ ಬಿಳಿ ಗಾಜಿನ ಪದರ. ಆ ಪದರಕ್ಕೆ ಗ್ಲೇಜು ಎನ್ನುತ್ತಾರೆ. ಅಮ್ಮನ ತಟ್ಟೆಯ ತಳದ ಬಳೆಯಲ್ಲಿ ಒಂದು ಕಡೆ ಗ್ಲೇಜು ಹತ್ತಿಲ್ಲ. ಉಗುರಷ್ಟು ಜಾಗದಲ್ಲಿ ಒಳಗಿನ ಮಣ್ಣು ತಿಳಿ ಕೆಂಪಗೆ, ಒರಟಾಗಿ ಕಾಣುತ್ತದೆ. ಅಲ್ಲಿ ನಾಲಿಗೆ ತಾಗಿಸಿದರೆ ಹಸಿ ಮಡಕೆಯ ಹಾಗೆ ಹಿಡಿದುಕೊಳ್ಳುತ್ತದೆ.

## ಬಿಳುಪು ಬಂದದ್ದು ತವರದಿಂದ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಕಾಲ ಹಲವರಿಗೆ ನೆನಪಿರಬೇಕು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಒರೆಸಿದರೆ ಒಳಮೈಯೆಲ್ಲ ಬೆಳ್ಳಿಯಂತಾಗುತ್ತಿತ್ತು. ಫಾಯಾನ್ಸಿನ ಬಿಳುಪಿಗೂ ಅದೇ ತವರ ಬೇಕು, ಆದರೆ ಲೋಹವಾಗಿ ಅಲ್ಲ, ಭಸ್ಮವಾಗಿ.

ಹಳೆಯ ವಿಧಾನದಲ್ಲಿ ಸೀಸ, ತವರ ಎರಡನ್ನೂ ಒಟ್ಟಿಗೆ ಕಾಯಿಸಿ ಗಾಳಿಯಲ್ಲಿ ಕಲಕುತ್ತಾ ಸುಡುತ್ತಿದ್ದರು. ಲೋಹ ಹೋಗಿ ಪುಡಿ ಉಳಿಯುತ್ತಿತ್ತು. ಅದಕ್ಕೆ ಮರಳು, ಉಪ್ಪು ಸೇರಿಸಿ ಮತ್ತೆ ಕರಗಿಸಿ, ತಣಿದ ಗಾಜಿನ ಗಟ್ಟಿಯನ್ನು ಕುಟ್ಟಿ ಬೀಸಿ, ನೀರಿನಲ್ಲಿ ಕಲಸಿದರೆ ಹಾಲಿನಂಥ ದ್ರವ. ಮರಳು ಗಾಜಾಗುತ್ತದೆ, ಸೀಸ ಆ ಗಾಜನ್ನು ಕಡಿಮೆ ಕಾವಿಗೇ ಕರಗಿಸುತ್ತದೆ. ತವರದ ಭಸ್ಮ ಮಾತ್ರ ಗಾಜಿನಲ್ಲಿ ಪೂರ್ತಿ ಕರಗುವುದಿಲ್ಲ, ಸಣ್ಣ ಸಣ್ಣ ಕಣಗಳಾಗಿ ತೇಲುತ್ತಾ ನಿಂತುಬಿಡುತ್ತದೆ.

ಬಿಳುಪಿನ ಗುಟ್ಟು ಆ ಕರಗದ ಕಣಗಳಲ್ಲಿದೆ. ನೀರಿಗೆ ಬಣ್ಣವಿಲ್ಲ, ಹಾಲು ಬೆಳ್ಳಗಿದೆ. ಹಾಲಿನಲ್ಲಿರುವುದೂ ಬಹುಪಾಲು ನೀರೇ. ಅದರಲ್ಲಿ ತೇಲುವ ಕೊಬ್ಬಿನ ಸೂಕ್ಷ್ಮ ಹನಿಗಳು ಬೆಳಕನ್ನು ನೆಟ್ಟಗೆ ಹೋಗಲು ಬಿಡದೆ ಎಲ್ಲ ಕಡೆಗೂ ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಮುಂಜಾನೆಯ ಮಂಜೂ ಹಾಗೆಯೇ. ತವರದ ಕಣಗಳು ಗಾಜಿನೊಳಗೆ ಮಾಡುವ ಕೆಲಸವೂ ಅದೇ. ಕೆಳಗಿನ ಕೆಂಪು ಮಣ್ಣಿನ ತನಕ ಬೆಳಕು ತಲುಪುವುದೇ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಆವಿಗೆಯಿಂದ, ಅಂದರೆ ಕುಂಬಾರರ ಸುಡುವ ಒಲೆಯಿಂದ, ಹೊರಬಂದು ತಣಿಯುವಾಗ ಮಣ್ಣೂ ಕುಗ್ಗುತ್ತದೆ, ಗ್ಲೇಜೂ ಕುಗ್ಗುತ್ತದೆ. ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಇಲ್ಲದಿದ್ದರೆ ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿದಂತೆ ಬಿರುಕು ಬಿಡುತ್ತದೆ, ಇಲ್ಲವೇ ಹಕ್ಕಳೆ ಎದ್ದು ಉದುರುತ್ತದೆ. ಸುಣ್ಣದ ಅಂಶವಿರುವ ಜೇಡಿ ತವರದ ಗ್ಲೇಜಿಗೆ ಚೆನ್ನಾಗಿ ಹೊಂದುತ್ತದೆ. ಸುಣ್ಣಕಲ್ಲಿನ ಬೆಟ್ಟಗಳ ನಡುವಿನ ಮೂಸ್ತಿಯೇಗೆ ಇದೊಂದು ಅನುಕೂಲ. ಒಲೆಗೆ ಸೌದೆ ಕೊಡುವ ಕಾಡು ಹತ್ತಿರದಲ್ಲೇ ಇತ್ತು. ಗ್ಲೇಜು ಬೀಸುವ ಕಲ್ಲು ತಿರುಗಿಸಲು ತೊರೆಯಿತ್ತು. ಅದೇ ತೊರೆಯ ನೀರಿನ ಬಲದಿಂದ ಅದಕ್ಕೂ ಮುಂಚೆ ಕಾಗದದ ಗಿರಣಿಗಳು ನಡೆಯುತ್ತಿದ್ದವು. ಮಡಕೆ ಮಾಡುವ ಕುಂಬಾರರು ಮೊದಲೇ ಇದ್ದರು. ತವರದ ವಿದ್ಯೆಯೊಂದು ಬರಬೇಕಿತ್ತು.

## ವಿದ್ಯೆ ನಡೆದುಬಂದ ದಾರಿ

ಒಂಬತ್ತನೇ ಶತಮಾನದಲ್ಲಿ ಇರಾಕಿನ ಬಸ್ರಾದ ಕಡೆಯ ಕುಂಬಾರರ ಕಣ್ಣಿಗೆ ಚೀನಾದಿಂದ ಬಂದ ಬಿಳಿ ಪಾತ್ರೆಗಳು ಬಿದ್ದವು. ಅವರ ಬಳಿ ಕೆಯೋಲಿನ್ ಇರಲಿಲ್ಲ. ತಮ್ಮ ಮಣ್ಣಿನ ಮೇಲೆಯೇ ತವರದ ಬಿಳಿ ಹೊದೆಸಿ, ನೀಲಿಯಲ್ಲಿ ಬರೆದು, ಚೀನಾದ ಪಾತ್ರೆಗೆ ತಮ್ಮದೇ ಉತ್ತರ ಕೊಟ್ಟರು. ಅರಬರ ಜೊತೆ ಈ ವಿದ್ಯೆ ಉತ್ತರ ಆಫ್ರಿಕಾ ದಾಟಿ ಸ್ಪೇನಿಗೆ ಬಂತು. ಅಲ್ಲಿಂದ ಮಯೋರ್ಕಾ ದ್ವೀಪದ ಮೂಲಕ ಇಟಲಿಗೆ ಹೋದ ಪಾತ್ರೆಗಳನ್ನು ಇಟಲಿಯವರು 'ಮಯೋಲಿಕಾ' ಎಂದರು. ಇಟಲಿಯ ಫಯೆಂಜಾ ಎಂಬ ಊರು ಇದರಲ್ಲಿ ಎಷ್ಟು ಹೆಸರು ಮಾಡಿತೆಂದರೆ, ಫ್ರೆಂಚರು ಆ ಊರಿನ ಹೆಸರನ್ನೇ ವಸ್ತುವಿಗೆ ಇಟ್ಟು 'ಫಾಯಾನ್ಸ್' ಎಂದು ಕರೆದರು. ಹಾಲೆಂಡಿನ ಡೆಲ್ಫ್ಟ್ ಊರಿನ ನೀಲಿ-ಬಿಳಿ ಪಾತ್ರೆಗಳೂ ಇದೇ ವಂಶ.

ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ನೋಡಿದವರು ಒಂದು ಕ್ಷಣ ನೆನಪು ಮಾಡಿಕೊಳ್ಳಿ. 1472ರ ಆ ಕಟ್ಟಡದ ಮುಖದ ಮೇಲೆ ನೀಲಿ, ಬಿಳಿ, ಹಳದಿ ಗ್ಲೇಜಿನ ಬಿಲ್ಲೆಗಳು ಅಲ್ಲಲ್ಲಿ ಇಂದಿಗೂ ಅಂಟಿಕೊಂಡಿವೆ. ಅವು ಇರಾನಿನ ಕುಸುರಿಯ ಮಾದರಿಯವು. ಪಶ್ಚಿಮ ಏಷ್ಯಾದ ಗ್ಲೇಜಿನ ವಿದ್ಯೆಯ ಒಂದು ಕವಲು ಹೀಗೆ ದಖ್ಖನಿನ ತನಕ ಬಂದಿದ್ದರೆ, ಇನ್ನೊಂದು ಕವಲು ಮೆಡಿಟರೇನಿಯನ್ ದಾಟಿ ಪ್ರೊವಾಂಸಿನ ಬೆಟ್ಟ ಹತ್ತಿತು.

ಮೂಸ್ತಿಯೇಗೆ ಅದನ್ನು ತಂದವರು ಯಾರು? ಫಯೆಂಜಾದಿಂದ ಬಂದ ಸನ್ಯಾಸಿಯೊಬ್ಬ ಬಿಳಿ ಗ್ಲೇಜಿನ ಗುಟ್ಟನ್ನು ಕ್ಲೆರಿಸಿ ಮನೆತನದವರಿಗೆ ಹೇಳಿಕೊಟ್ಟ ಎಂಬುದು ಊರ ಕಥೆ. ಕ್ಲೆರಿಸಿ ಮನೆತನದವರು ಇಲ್ಲಿನ ಕುಂಬಾರರು. 1651ರಲ್ಲಿ ಹುಟ್ಟಿದ ಪಿಯೇರ್ ಕ್ಲೆರಿಸಿ 1670ರ ದಶಕದಲ್ಲಿ ಮಡಕೆಯ ಕಸುಬನ್ನು ಫಾಯಾನ್ಸಿನ ಕಸುಬಾಗಿ ಬದಲಿಸಿದ. ಅವನ ಸೋದರ ಜೋಸೆಫ್ ಮಾರ್ಸೇಯ್ ನಗರದ ಹತ್ತಿರ ಅದೇ ಕೆಲಸ ಹೂಡಿದ.

## ರಾಜ ಬೆಳ್ಳಿ ಕರಗಿಸಿದ, ಮಣ್ಣಿಗೆ ಬೆಲೆ ಬಂತು

ಬೆಟ್ಟದೂರಿನ ಕುಂಬಾರನ ತಟ್ಟೆ ಅರಮನೆಯ ಮೇಜಿಗೆ ಹೋದದ್ದು ಯುದ್ಧದ ಕಾರಣದಿಂದ.

ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಆಳ್ವಿಕೆಯುದ್ದಕ್ಕೂ ಯುದ್ಧ ಮಾಡಿದವನು. 1688ರಲ್ಲಿ ಅವನು ಯುರೋಪಿನ ಅರ್ಧದಷ್ಟು ರಾಜ್ಯಗಳ ಮೇಲೆ ಒಮ್ಮೆಗೇ ಸೆಣಸಾಟಕ್ಕಿಳಿದ. ಅದು ಒಂಬತ್ತು ವರ್ಷ ನಡೆಯಿತು. ಸೈನಿಕರಿಗೆ ಸಂಬಳ ಕೊಡಬೇಕು, ನಾಣ್ಯ ಟಂಕಿಸಲು ಬೆಳ್ಳಿಯಿಲ್ಲ. ಬೆಳ್ಳಿಯೆಲ್ಲ ಶ್ರೀಮಂತರ ಊಟದ ಮೇಜಿನ ಮೇಲಿತ್ತು. 1689ರಲ್ಲಿ ದೊರೆ ಬೆಳ್ಳಿ ಸಾಮಾನುಗಳನ್ನು ಟಂಕಸಾಲೆಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ವರ್ಸಾಯ್ ಅರಮನೆಯ ತನ್ನದೇ ಬೆಳ್ಳಿಯ ಮೇಜು, ಕುರ್ಚಿ, ದೀಪಸ್ತಂಭ, ಹೂಕುಂಡ ಎಲ್ಲವನ್ನೂ ಕರಗಿಸಲು ಕಳಿಸಿದ. ಒಟ್ಟು ಸುಮಾರು 20 ಟನ್. 1962ರಲ್ಲಿ ಚೀನಾ ಯುದ್ಧಕ್ಕೆಂದು ಬಳೆ, ಸರ ಬಿಚ್ಚಿಕೊಟ್ಟ ಕಥೆಯನ್ನು ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ. ವ್ಯತ್ಯಾಸವೆಂದರೆ ಇಲ್ಲಿ ಕೊಟ್ಟವರು ಮನಸಾರೆ ಕೊಟ್ಟರು, ಅಲ್ಲಿ ಆದದ್ದು ರಾಜಾಜ್ಞೆ.

ಇಪ್ಪತ್ತು ವರ್ಷದ ಮೇಲೆ, 1709ರಲ್ಲಿ, ಮತ್ತೊಂದು ಯುದ್ಧದ ನಡುವೆ ಮತ್ತೆ ಬೆಳ್ಳಿ ಕರಗಿತು. ಆಸ್ಥಾನದಲ್ಲಿದ್ದ ಡ್ಯೂಕ್ ಸಾಂ ಸಿಮೋಂ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ: ದೊಡ್ಡವರೆನಿಸಿಕೊಂಡವರೆಲ್ಲ ಎಂಟೇ ದಿನದಲ್ಲಿ ಫಾಯಾನ್ಸಿಗೆ ತಿರುಗಿಕೊಂಡರು. ಬೆಳ್ಳಿ ತಟ್ಟೆ ಹೋಯಿತು, ಮಣ್ಣಿನ ತಟ್ಟೆಯಲ್ಲಿ ಉಣ್ಣಲು ಅಂತಸ್ತು ಒಪ್ಪದು. ಬೆಳ್ಳಿಯ ಆಕಾರದಲ್ಲೇ ಅಚ್ಚು ಹೊಡೆದ, ಅರಮನೆಯ ಚಿತ್ರ ಬರೆದ, ಬೆಳ್ಳಗೆ ಹೊಳೆಯುವ ಮಣ್ಣು ಬೇಕಾಯಿತು. ರುವಾಂ, ನೆವೇರ್ ನಗರಗಳ ಜೊತೆ ಮೂಸ್ತಿಯೇಗೂ ಬೇಡಿಕೆ ಹರಿದುಬಂತು.

ಆ ಕಾಲದ ತಟ್ಟೆಗಳ ಚಿತ್ರ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಜಾನ್ ಬೆರಾಂ ಎಂಬವನು ದೊರೆಯ ಆಸ್ಥಾನದ ವಿನ್ಯಾಸಕಾರ. ತೆಳುವಾದ ಕಂಬ, ಮಂಟಪ, ತೂಗುವ ಬಳ್ಳಿ, ಅರೆಮಾನವ ಆಕೃತಿ, ಕೋತಿಗಳನ್ನೆಲ್ಲ ಜೇಡರ ಬಲೆಯಂತೆ ಹೆಣೆದು ಬರೆಯುತ್ತಿದ್ದ. ಅವನ ಮುದ್ರಿತ ಚಿತ್ರಗಳು ಮೂಸ್ತಿಯೇಗೆ ಬಂದವು. ಪ್ಯಾರಿಸನ್ನು ಕಣ್ಣಿಂದ ಕಂಡಿರದ ಕುಶಲಿಗಳೂ ಪ್ಯಾರಿಸಿನ ವಿನ್ಯಾಸವನ್ನು ನೀಲಿಯಲ್ಲಿ ಬರೆದು ಪ್ಯಾರಿಸಿಗೇ ಮಾರಿದರು. ಅಮ್ಮನ ತಟ್ಟೆಯ ಅಂಚಿನ ಕುಸುರಿ ಅದೇ ಬೆರಾಂ ಮಾದರಿಯದು.

## ಅಳಿಸಲಾಗದ ಗೆರೆ

ಬೆಲೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅತ್ತಿಗೆ ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿಕೊಂಡು ಬಂದಿದ್ದರು. ಅದನ್ನು ನಾನು ಹತ್ತು ಸಲವಾದರೂ ನೋಡಿದ್ದೇನೆ.

ಮೊದಲು ಹಿನ್ನೆಲೆ. ಜೇಡಿಯನ್ನು ತಿಗರಿಯ ಮೇಲೆ ಎತ್ತಿ ಅಥವಾ ಅಚ್ಚಿಗೆ ಒತ್ತಿ ತಟ್ಟೆ ಮಾಡುತ್ತಾರೆ. ನಿಧಾನವಾಗಿ ಒಣಗಿಸಿ, 1,000 ಡಿಗ್ರಿಯ ಆಸುಪಾಸಿನಲ್ಲಿ ಒಂದು ಸುತ್ತು ಸುಡುತ್ತಾರೆ. ಆಗ ಸಿಗುವುದು ಗ್ಲೇಜಿಲ್ಲದ, ನೀರು ಹೀರುವ ತಟ್ಟೆ. ಕಸುಬಿನವರು ಇದನ್ನು ಬಿಸ್ಕಿಟ್ ಎನ್ನುತ್ತಾರೆ. ಚಹಾದಲ್ಲಿ ಅದ್ದಿದ ಬಿಸ್ಕಿಟ್ಟಿನ ಹಾಗೆಯೇ ಅದು ವರ್ತಿಸುತ್ತದೆ. ಗ್ಲೇಜಿನ ಹಾಲಿನಲ್ಲಿ ಒಂದೆರಡು ಕ್ಷಣ ಮುಳುಗಿಸಿ ಎತ್ತಿದರೆ ನೀರನ್ನು ಮಣ್ಣು ಒಳಗೆಳೆದುಕೊಳ್ಳುತ್ತದೆ, ಪುಡಿ ಹೊರಮೈಗೆ ಒಂದೇ ಸಮ ಅಂಟಿ ಉಳಿಯುತ್ತದೆ. ತಟ್ಟೆಗೆ ಈಗ ರಂಗೋಲಿ ಪುಡಿ ಮೆತ್ತಿದಂಥ ಬಿಳಿ ಹೊದಿಕೆ. ಬೆರಳು ತಾಗಿದರೆ ಪುಡಿ ಏಳುತ್ತದೆ.

ಚಿತ್ರ ಬರೆಯುವುದು ಈ ಪುಡಿಯ ಮೇಲೆ.

ವಿಡಿಯೋದಲ್ಲಿ ಒಬ್ಬಾಕೆ ಪಾರದರ್ಶಕ ಕಾಗದವೊಂದನ್ನು ತಟ್ಟೆಯ ಮೇಲೆ ಇಡುತ್ತಾಳೆ. ಚಿತ್ರದ ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿದ ತೂತುಗಳಿವೆ. ಇದ್ದಿಲ ಪುಡಿ ತುಂಬಿದ ಸಣ್ಣ ಬಟ್ಟೆಗಂಟಿನಿಂದ ಕಾಗದದ ಮೇಲೆ ಮೆಲ್ಲಗೆ ತಟ್ಟುತ್ತಾಳೆ. ಕಾಗದ ತೆಗೆದರೆ ಬಿಳಿಯ ಮೇಲೆ ಬೂದುಬಣ್ಣದ ಚುಕ್ಕಿಗಳ ಸಾಲು. ನಮ್ಮಲ್ಲಿ ತೂತಿರುವ ರಂಗೋಲಿ ಅಚ್ಚಿನ ಮೇಲೆ ಪುಡಿ ಸುರಿದು ಎಳೆಯುವುದೂ ಇದೇ ಉಪಾಯ. ಫ್ರೆಂಚಿನಲ್ಲಿ ಆ ಕಾಗದಕ್ಕೆ 'ಪೋನ್ಸಿಫ್' ಎಂದು ಹೆಸರು. ಆವಿಗೆಯಲ್ಲಿ ಇದ್ದಿಲು ಸುಟ್ಟುಹೋಗುತ್ತದೆ, ಚುಕ್ಕಿಯ ಗುರುತೂ ಉಳಿಯುವುದಿಲ್ಲ.

ಆಮೇಲೆ ಕುಂಚ. ಉದ್ದ ಕೂದಲಿನ, ತುದಿ ಚೂಪಾದ ಕುಂಚ. ಬಟ್ಟಲಲ್ಲಿರುವ ಬಣ್ಣ ನೀಲಿಯಲ್ಲ, ಕಪ್ಪು ಕಪ್ಪಾದ ಬೂದು. ಅದು ಕೋಬಾಲ್ಟ್ ಎಂಬ ಲೋಹದ ಆಕ್ಸೈಡ್, ನೀಲಿಯಾಗುವುದು ಬೆಂಕಿಯಲ್ಲಿ. ಆಕೆ ಬರೆಯುತ್ತಿರುವುದು ಕಣ್ಣೆದುರಿಗಿಲ್ಲದ ಬಣ್ಣದಲ್ಲಿ. ಕುಂಚ ತಾಗಿದ ಕೂಡಲೇ ಪುಡಿ ನೀರನ್ನು ಹೀರುತ್ತದೆ. ಗೆರೆಯ ಮೇಲಿನ ತೇವದ ಹೊಳಪು, ಕುಂಚ ಮುಂದೆ ಸರಿಯುವಷ್ಟರಲ್ಲಿ ಮಾಯ. ಬೇಸಿಗೆಯಲ್ಲಿ ಸುಣ್ಣದ ಗೋಡೆಗೆ ನೀರು ಚಿಮುಕಿಸಿದಂತೆ. ಕೈ ನಡುಗಿದರೆ ನಡುಕ ಹಾಗೇ ಉಳಿಯುತ್ತದೆ. ಒಂದು ಕ್ಷಣ ತಡೆದರೆ ಅಲ್ಲಿ ಬಣ್ಣ ನಿಂತು ಚುಕ್ಕೆಯಾಗುತ್ತದೆ. ಒರೆಸಲು ಹೋದರೆ ಗ್ಲೇಜೇ ಎದ್ದುಬರುತ್ತದೆ. ವಿಡಿಯೋದಲ್ಲಿ ಆಕೆ ಹಕ್ಕಿಯ ರೆಕ್ಕೆಯ ಗೆರೆ ಎಳೆಯುವಾಗ ಉಸಿರು ಹಿಡಿದುಕೊಂಡಿರುವುದು ಕಾಣುತ್ತದೆ. ಗೆರೆ ಮುಗಿದ ಮೇಲೆ ಭುಜ ಇಳಿಯುತ್ತದೆ.

ಬರೆದಾದ ಮೇಲೆ ಎರಡನೇ ಬೆಂಕಿ. ಪುಡಿ ಕರಗಿ ಗಾಜಾಗುತ್ತದೆ, ಬಣ್ಣ ಅದರೊಳಕ್ಕೆ ಇಳಿಯುತ್ತದೆ. ಒಳ್ಳೆಯ ಫಾಯಾನ್ಸಿನ ಗೆರೆ ಅಂಚಿನಲ್ಲಿ ಸ್ವಲ್ಪ ಮಸುಕಾಗಿ, ನೀರೊಳಗಿಂದ ಕಂಡಂತೆ ಕಾಣುವುದು ಈ ಕಾರಣಕ್ಕೆ. ಬಣ್ಣ ಗಾಜಿನ ಮೇಲಿಲ್ಲ, ಒಳಗಿದೆ. ಎಷ್ಟು ತೊಳೆದರೂ ಹೋಗದು.

ಕರಗಿದ ಗ್ಲೇಜು ಅಂಟಿನಂತೆ. ತಟ್ಟೆಯನ್ನು ಹಾಗೇ ಇಟ್ಟರೆ ಆವಿಗೆಯ ಹಲಗೆಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಮಣ್ಣಿನ ಸಣ್ಣ ಮೊಳೆಗಳ ಮೇಲೆ ನಿಲ್ಲಿಸುತ್ತಾರೆ. ಕೆಳಗಿನಿಂದ ಮುಟ್ಟುವುದು ಮೂರೇ ಬಿಂದುಗಳು. ತಟ್ಟೆ ಬಿಡಿಸಿಕೊಂಡಾಗ ಅಲ್ಲಿ ಗುರುತು ಉಳಿಯುತ್ತದೆ. ಅಮ್ಮನ ತಟ್ಟೆ ಮಗುಚಿ ನೋಡಿದೆ. ಎಳ್ಳಿನಷ್ಟು ಸಣ್ಣ ಮೂರು ಕಲೆ, ತ್ರಿಕೋನದಲ್ಲಿ. ಅದನ್ನು ದೋಷವೆಂದುಕೊಂಡು ಅತ್ತಿಗೆ ಅಂಗಡಿಯಲ್ಲಿ ಬೇರೆ ತಟ್ಟೆ ಕೇಳಿದ್ದರಂತೆ. ಅದರಲ್ಲೂ ಮೂರು.

## ನೀಲಿಯ ನಂತರದ ಬಣ್ಣಗಳು

ಅಷ್ಟು ಬೆಂಕಿಯನ್ನು ತಡೆದುಕೊಳ್ಳುವ ಬಣ್ಣಗಳು ಕೆಲವೇ. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು, ಆಂಟಿಮನಿಯಿಂದ ಹಳದಿ, ಮ್ಯಾಂಗನೀಸಿನಿಂದ ಬದನೆಕಾಯಿ ಬಣ್ಣ. ನೀಲಿಯೇ ಎಲ್ಲಕ್ಕಿಂತ ನಂಬಿಕಸ್ಥ. ಮೊದಲ ಐವತ್ತು-ಅರವತ್ತು ವರ್ಷ ಮೂಸ್ತಿಯೇಯವರು ಬಹುತೇಕ ನೀಲಿಯಲ್ಲೇ ಬರೆದರು.

ಬಣ್ಣ ತಂದವನು ಜೋಸೆಫ್ ಒಲೆರೀಸ್. ಸ್ಪೇನಿನ ಅಲ್ಕೋರಾದಲ್ಲಿ ಅರಂದಾದ ಕೌಂಟ್ ಸ್ಥಾಪಿಸಿದ್ದ ದೊಡ್ಡ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದ. 1738ರ ಹೊತ್ತಿಗೆ ಬಾಮೈದುನನ ನಂಟಿದ್ದ ಲೋಜಿಯೇ ಜೊತೆ ಸೇರಿ ಹೊಸ ಆವಿಗೆ ಹೂಡಿದ. ಹೂಮಾಲೆಗಳ ನಡುವೆ ಪುಟ್ಟ ದೃಶ್ಯ, ಕುಳ್ಳ ಕುಣಿಗಾರರು, ಆಲೂಗೆಡ್ಡೆ ಜಾತಿಯ ಗಿಡದ ಹೂವು ತಟ್ಟೆಗಳ ಮೇಲೆ ಅರಳಿದವು.

ಅಪ್ಪಟ ಕೆಂಪು, ಗುಲಾಬಿ ಮಾತ್ರ ಆ ಬೆಂಕಿಗೆ ಸಿಕ್ಕದೆ ತಪ್ಪಿಸಿಕೊಂಡೇ ಇದ್ದವು. ಅದಕ್ಕೆ ಹುಡುಕಿಕೊಂಡ ದಾರಿ 'ಸಣ್ಣ ಬೆಂಕಿ'. ಎರಡನೇ ಸುಡುವಿಕೆ ಮುಗಿದು ಗಾಜಾಗಿರುವ ತಟ್ಟೆಯ ಮೇಲೆ ಬಣ್ಣ ಬರೆದು, ಇನ್ನೂ ಕಡಿಮೆ ಕಾವಿನಲ್ಲಿ ಮೂರನೇ ಬಾರಿ ಸುಡುವುದು. ಇಲ್ಲಿ ತಪ್ಪಿದರೆ ಒರೆಸಬಹುದು, ನವಿರಾದ ಛಾಯೆ ತರಬಹುದು. ಆದರೆ ಬಣ್ಣ ಮೇಲ್ಮೈಯಲ್ಲೇ ಉಳಿಯುವುದರಿಂದ ಬಳಕೆಯಲ್ಲಿ ಸವೆಯುತ್ತದೆ. ನನ್ನ ಕಣ್ಣಿಗೆ ಹಳೆಯ ನೀಲಿಯೇ ಹೆಚ್ಚು ಚೆಂದ. ಅದು ಕೈಯ ಓಟವನ್ನು ಮುಚ್ಚಿಡುವುದಿಲ್ಲ.

## ಒಲೆ ಆರಿತು, ಐವತ್ತು ವರ್ಷದ ಮೇಲೆ ಹೊತ್ತಿತು

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಈ ಸಣ್ಣ ಊರಿನಲ್ಲಿ ಹತ್ತು-ಹನ್ನೆರಡು ಕಾರ್ಯಾಗಾರಗಳಿದ್ದವು. ಆದರೆ ಅಷ್ಟರಲ್ಲಾಗಲೇ ಒಂದರ ಹಿಂದೆ ಒಂದು ಪೆಟ್ಟು ಬೀಳತೊಡಗಿತ್ತು. 1768ರಲ್ಲಿ ಲಿಮೋಜ್ ನಗರದ ಹತ್ತಿರ ಕೆಯೋಲಿನ್ ಸಿಕ್ಕಿತು. ಪಿಂಗಾಣಿಯನ್ನು ಫ್ರಾನ್ಸೇ ಮಾಡತೊಡಗಿದ ಮೇಲೆ ಪಿಂಗಾಣಿಯಂತೆ ಕಾಣುವ ಮಣ್ಣಿಗೆ ಗಿರಾಕಿ ಕಡಿಮೆಯಾದರು. 1786ರಲ್ಲಿ ಇಂಗ್ಲೆಂಡಿನ ಜೊತೆ ವ್ಯಾಪಾರ ಒಪ್ಪಂದವಾಗಿ ಅಲ್ಲಿನ ಕೆನೆಬಣ್ಣದ ಅಗ್ಗದ, ಗಟ್ಟಿ ಪಾತ್ರೆಗಳು ಒಳಬಂದವು. 1789ರ ಕ್ರಾಂತಿ ಕುಲೀನ ಮನೆತನಗಳನ್ನು ಚದುರಿಸಿತು. ಕೊಳ್ಳುತ್ತಿದ್ದವರು ಅವರೇ. ಕಸುಬು ಮತ್ತೆ ಎಂಟು-ಒಂಬತ್ತು ದಶಕ ತೆವಳಿತು. 1874ರಲ್ಲಿ ಕೊನೆಯ ಆವಿಗೆ ಆರಿತು.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಅಂಗಡಿಗಳ ಫಲಕದಲ್ಲಿ '17ನೇ ಶತಮಾನದಿಂದ' ಎಂದು ಓದಿದಾಗ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಕಡಿಯದೆ ಬಂದ ಕಸುಬು ಎಂಬ ಭಾವನೆ ಬರುತ್ತದೆ. ನಡುವೆ ಐವತ್ತಕ್ಕೂ ಹೆಚ್ಚು ವರ್ಷ ಊರಿನಲ್ಲಿ ಯಾರೂ ಫಾಯಾನ್ಸ್ ಮಾಡಲಿಲ್ಲ. ಗುರು ಸತ್ತ ಮೇಲೆ ಶಿಷ್ಯರಿಲ್ಲದ ಕಾಲ ಅದು.

1927ರಲ್ಲಿ ಮಾರ್ಸೆಲ್ ಪ್ರೊವಾಂಸ್ ಎಂಬವರು ಮತ್ತೆ ಆವಿಗೆ ಹೊತ್ತಿಸಿದರು. ಅವರು ಕುಂಬಾರರಲ್ಲ, ಪ್ರೊವಾಂಸಿನ ಜನಪದ, ಇತಿಹಾಸಗಳಿಗೆ ಅಂಟಿಕೊಂಡಿದ್ದ ಬರಹಗಾರರು. ಆ ಪ್ರಾಂತ್ಯದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು. ಎರಡು ವರ್ಷದೊಳಗೆ ಊರಿನಲ್ಲಿ ಫಾಯಾನ್ಸ್ ವಸ್ತುಸಂಗ್ರಹಾಲಯವನ್ನೂ ಕಟ್ಟಿ ನಿಲ್ಲಿಸಿದರು. ಹೇಳಿಕೊಡುವ ಗುರುವಿಲ್ಲದ ಊರಿಗೆ ಹಳೆಯ ತಟ್ಟೆಗಳೇ ಗುರುಗಳಾದವು. ಈಗ ಹತ್ತರ ಆಸುಪಾಸು ಕಾರ್ಯಾಗಾರಗಳಿವೆ. ಸೌದೆಯ ಬದಲು ವಿದ್ಯುತ್, ಗ್ಯಾಸು. ಕುಂಚ ಮಾತ್ರ ಅದೇ.

## ಇಷ್ಟು ಪುಟ್ಟ ಊರು ಕೆಡದೆ ಉಳಿದದ್ದು ಹೇಗೆ?

ಫ್ರಾನ್ಸಿನಲ್ಲಿ ಆಡಳಿತದ ಅತಿ ಸಣ್ಣ ಘಟಕಕ್ಕೆ 'ಕಮ್ಯೂನ್' ಎನ್ನುತ್ತಾರೆ. ಕರ್ನಾಟಕದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿದ್ದರೆ, ಜನಸಂಖ್ಯೆಯಲ್ಲಿ ನಮ್ಮಷ್ಟೇ ಇರುವ ಫ್ರಾನ್ಸಿನಲ್ಲಿ ಸುಮಾರು 35,000 ಕಮ್ಯೂನ್‌ಗಳು. ಏಳು ನೂರು ಜನರ ಮೂಸ್ತಿಯೇಗೂ ತನ್ನದೇ ಮೇಯರ್, ತನ್ನದೇ ಕಚೇರಿ.

ಸ್ಮಾರಕ ಕಾಯುವ ಅಲ್ಲಿನ ಮುಖ್ಯ ಕಾನೂನು 1913ರದು. 1943ರಲ್ಲಿ ಅದಕ್ಕೆ ಇನ್ನೊಂದು ನಿಯಮ ಸೇರಿತು: ರಕ್ಷಿತ ಸ್ಮಾರಕದ ಸುತ್ತ 500 ಮೀಟರ್ ಒಳಗೆ, ಸ್ಮಾರಕದ ಕಣ್ಣಳತೆಯಲ್ಲಿರುವ ಕಟ್ಟಡಗಳ ಕಿಟಕಿ ಬದಲಿಸಲು, ಗೋಡೆಗೆ ಬಣ್ಣ ಬಳಿಯಲು, ಹೆಂಚು ತೆಗೆಯಲು ಸರ್ಕಾರ ನೇಮಿಸಿದ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ನಮ್ಮಲ್ಲಿ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಹಂಪಿಯ ಸುತ್ತಮುತ್ತ ಮನೆ ಕಟ್ಟಿದವರಿಗೆ ಇಂಥ ನಿಯಮದ ಬಿಸಿ ಗೊತ್ತು. ಮೂಸ್ತಿಯೇಯಂಥ ಊರಿನಲ್ಲಿ 500 ಮೀಟರ್ ಎಂದರೆ ಬಹುಮಟ್ಟಿಗೆ ಇಡೀ ಊರು.

ಇದಲ್ಲದೆ 1982ರಲ್ಲಿ ಹುಟ್ಟಿದ 'ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು' ಎಂಬ ಸಂಘದ ಪಟ್ಟಿಯಲ್ಲೂ ಮೂಸ್ತಿಯೇ ಇದೆ. ಸೇರಲು ಊರಿನ ಜನಸಂಖ್ಯೆ 2,000 ಮೀರಿರಬಾರದು, ಕನಿಷ್ಠ ಎರಡು ರಕ್ಷಿತ ತಾಣಗಳಿರಬೇಕು. ಪಟ್ಟಿಗೆ ಸೇರಿದರೆ ಪ್ರವಾಸಿಗರು ಬರುತ್ತಾರೆ.

ಪ್ರವಾಸಿಗರು ಹೆಚ್ಚಲು ಇನ್ನೊಂದು ಕಾರಣ ನೀರು. 1970ರ ದಶಕದಲ್ಲಿ ವರ್ದೋಂ ನದಿಗೆ ಅಣೆಕಟ್ಟು ಕಟ್ಟಿ ಸಾಂತ್ ಕ್ರ್ವಾ ಜಲಾಶಯ ಮಾಡಿದರು. ಮೂಸ್ತಿಯೇಗೆ ದೋಣಿಯಾಡುವ ಹಸಿರು-ನೀಲಿ ಕೆರೆ ಸಿಕ್ಕಿತು. ನೆರೆಯ ಲೆ ಸಾಲ್ ಎಂಬ ಹಳ್ಳಿ ಅದರ ತಳಕ್ಕೆ ಹೋಯಿತು. ನೀರು ತುಂಬುವ ಮುಂಚೆ ಮನೆಗಳನ್ನು ಕೆಡವಿ, ಜನರನ್ನು ಮೇಲಿನ ದಡದ ಹೊಸ ಊರಿಗೆ ಕಳಿಸಿದರು. ಶರಾವತಿ ಮುಳುಗಡೆಯ ಕಥೆ ಕೇಳಿ ಬೆಳೆದವರಿಗೆ ಆ ಕೆರೆಯ ಬಣ್ಣ ಬೇರೆಯಾಗಿಯೇ ಕಾಣುತ್ತದೆ.

## ಕೊಳ್ಳುವವರಿಗೆ, ಬಳಸುವವರಿಗೆ

ಕೈಯಿಂದ ಬರೆದದ್ದನ್ನು ಗುರುತಿಸುವುದು ಕಷ್ಟವಲ್ಲ. ಒಂದೇ ಮಾದರಿಯ ಎರಡು ತಟ್ಟೆ ಪಕ್ಕ ಪಕ್ಕ ಇಟ್ಟು ನೋಡಿ. ಹಕ್ಕಿಯ ಕೊಕ್ಕು, ಎಲೆಯ ತಿರುವು ಎಲ್ಲೋ ಒಂದು ಕಡೆ ಬೇರೆಯಾಗಿರಬೇಕು. ಗೆರೆಯಲ್ಲಿ ಕುಂಚ ಒತ್ತಿದ ಕಡೆ ದಟ್ಟ, ಎತ್ತಿದ ಕಡೆ ತೆಳು ಇರಬೇಕು. ಅಚ್ಚೊತ್ತಿದ ಚಿತ್ರವಾದರೆ ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳ ಜಾಲ ಕಾಣುತ್ತದೆ. ಹಿಂದೆ ಊರಿನ ಹೆಸರು, ಕಾರ್ಯಾಗಾರದ ಗುರುತು ಕೈಯಲ್ಲೇ ಬರೆದಿರುತ್ತಾರೆ. 'ಹಳೆಯದು' ಎಂದು ಯಾರಾದರೂ ಮಾರಲು ಬಂದರೆ ಗುರುತೊಂದನ್ನೇ ನಂಬಬೇಡಿ. 18ನೇ ಶತಮಾನದ ಎಷ್ಟೋ ಅಸಲಿ ತಟ್ಟೆಗಳಿಗೆ ಗುರುತೇ ಇಲ್ಲ, ಆಮೇಲಿನ ನಕಲುಗಳಿಗೆ ಇದೆ.

ಅಮ್ಮನ ಪ್ರಶ್ನೆಗೆ ಬರುತ್ತೇನೆ. ಮೂಸ್ತಿಯೇ ತಟ್ಟೆ ಹುಟ್ಟಿದ್ದು ಊಟಕ್ಕೇ. ಆದರೆ ಹಳೆಯ ಕಾಲದ ಗ್ಲೇಜಿನಲ್ಲಿ ಸೀಸ ಇದೆ, ಹುಳಿ ತಾಗಿದರೆ ಅದು ಆಹಾರಕ್ಕೆ ಇಳಿಯುತ್ತದೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಸಾರು ಇಟ್ಟರೆ ಕಿಲುಬು ಬಿಡುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಪುರಾತನ ತಟ್ಟೆ ಗೋಡೆಗೇ ಸರಿ. ಇಂದು ಊಟಕ್ಕೆಂದು ಮಾಡಿ ಮಾರುವ ತಟ್ಟೆಗಳಿಗೆ ಯುರೋಪಿನಲ್ಲಿ ಸೀಸದ ಮಿತಿಯ ನಿಯಮವಿದೆ, ಅವುಗಳಲ್ಲಿ ಉಣ್ಣಬಹುದು. ಗ್ಲೇಜು ಪಿಂಗಾಣಿಯಷ್ಟು ಗಟ್ಟಿಯಿಲ್ಲ, ಚಾಕು, ಸ್ಟೀಲಿನ ನಾರು ತಾಗಿದರೆ ಗೀರು ಬೀಳುತ್ತದೆ. ಅಂಚು ಬೇಗ ಚಕ್ಕೆ ಏಳುತ್ತದೆ, ಚಕ್ಕೆ ಎದ್ದ ಕಡೆ ಮಣ್ಣು ನೀರು ಕುಡಿಯುತ್ತದೆ. ಮೈಕ್ರೋವೇವಿಗೆ, ನೇರ ಉರಿಗೆ ಇಡಬಾರದು.

ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ ತಟ್ಟೆಯನ್ನು ಗೋಡೆಗೂ ಹಾಕಲಿಲ್ಲ, ಊಟಕ್ಕೂ ಹಾಕಲಿಲ್ಲ. ಕಪಾಟಿನ ನಡುವಿನ ಅರೆಯಲ್ಲಿ ಒರಗಿಸಿಟ್ಟಿದ್ದಾಳೆ. ದೀಪಾವಳಿಗೆ ಮನೆಗೆ ಬಂದವರಿಗೆ ಅದರಲ್ಲಿ ಕೋಡುಬಳೆ ಕೊಟ್ಟಳು. ಒಣ ತಿಂಡಿ, ಹುಳಿಯಿಲ್ಲ, ಚಾಕು ಬೇಕಿಲ್ಲ. ಕೋಡುಬಳೆ ಮುಗಿಯುತ್ತಾ ಬಂದಂತೆ ತಟ್ಟೆಯ ನಡುವಿನ ನೀಲಿ ಹಕ್ಕಿ ಸ್ವಲ್ಪ ಸ್ವಲ್ಪವೇ ಕಾಣಿಸಿತು.